ಒಂದೇ ಮೆಟ್ಟಿಲಲ್ವಾ ಮಾರಾಯ್ರೆ

ಫೋನಿನಲ್ಲಿ ಕೇಳಿದರೆ ಎಲ್ಲರೂ ಹೇಳುವುದು ಇಷ್ಟೇ:
"ಮೆಟ್ಟಿಲಾ? ಇಲ್ಲ ಇಲ್ಲ, ಒಂದೇ ಒಂದು ಉಂಟು."
ಆ ಒಂದನ್ನು ಅಳೆಯಲೆಂದೇ
ಟೈಲರ್ ಕಾರ್ಮಿನ್ ಬಾಯಿಯ ಹಳೆಯ ಟೇಪು ನನ್ನ ಮಡಿಲಲ್ಲಿ.
ಮೊದಲ ಎರಡು ಇಂಚು ಅಳಿಸಿಹೋಗಿದೆ.
ಎರಡರಿಂದ ಹಿಡಿದು, ಮನಸ್ಸಲ್ಲೇ ಕಳೆಯುತ್ತೇನೆ.

ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರು,
ಬಾವುಟಗುಡ್ಡೆಯಿಂದ ಎತ್ತ ಹೋದರೂ ಇಳಿಜಾರು.
ನಡೆಯುವವರಿಗೆ ಬರೀ ಸೆಕೆ, ಬೆವರು.
ನನ್ನ ಅಂಗೈಗೆ ಗೊತ್ತು,
ಒಂದೊಂದು ರಸ್ತೆಗೂ ಒಂದೊಂದು ತೂಕ ಉಂಟು.

ರಿಕ್ಷಾದ ಇದಿನಬ್ಬ ಕುಕ್ಕರಗಾಲಲ್ಲಿ ಕೂತು
ಹೊಸ್ತಿಲುಗಳ ಎತ್ತರ ಕೂಗುತ್ತಾನೆ,
ನಾನು ನಕ್ಷೆಯಲ್ಲಿ ಚುಕ್ಕೆ ಒತ್ತುತ್ತೇನೆ.
ಹಸಿರು ಎಂದರೆ ಒಬ್ಬಳೇ ಹೋಗಬಹುದು.
ಹಳದಿ ಎಂದರೆ ಯಾರಾದರೂ ಬೇಕು.
ಕೆಂಪು ಎಂದರೆ ರಿಕ್ಷಾದಲ್ಲೇ ಕೂತು
ಇದಿನಬ್ಬನ ಕೈಯಲ್ಲಿ ಚೀಟಿ ಕಳಿಸು.

ಬ್ಯಾಂಕಿಗೆ ಏಳು ಇಂಚು.
ಔಷಧದಂಗಡಿಗೆ ಐದು, ಮತ್ತು ಒಂದು ನಾಯಿ.
ಮದುವೆ ಹಾಲಿಗೆ ರಾಂಪ್ ಉಂಟು,
ರಾಂಪಿನ ಮೇಲೆ ಹೂಕುಂಡ ಉಂಟು,
ಹೂಕುಂಡದಲ್ಲಿ ಪ್ಲಾಸ್ಟಿಕ್ ಆಂಥೂರಿಯಂ.

ಹಸಿರು ಸಾಲಾಗಿ ಸಿಕ್ಕಿದ್ದು ಬಂದರಿನಲ್ಲಿ.
ನೀರುಳ್ಳಿ ಮಂಡಿಗಳ ಬಾಗಿಲು ಬಾಗಿಲಿಗೂ
ಕೈಗಾಡಿ ಹತ್ತಲೆಂದು ಹಲಗೆ.
ಒಣಮೆಣಸಿನ ಘಾಟಿಗೆ ಸೀನುತ್ತ
ಒಂದಾದ ಮೇಲೊಂದರ ಒಳಗೆ ಹೋದೆ,
ಕೊಳ್ಳಲು ಏನೂ ಇಲ್ಲದೆ, ಸುಮ್ಮನೆ.
"ಎಷ್ಟು ಗೋಣಿ?" ಎಂದ ಗುಮಾಸ್ತ, ತಲೆಯೆತ್ತದೆ.
ಅರ್ಧ ಕಿಲೋ ಎಂದೆ. ನಕ್ಕ. ಕೊಟ್ಟ.
ಗೋಣಿಗಳಿಗೆಂದು ಮಾಡಿದ ಮರ್ಯಾದೆ
ಆವತ್ತು ನನಗೂ ಸಿಕ್ಕಿತು.

ಇನ್ನು, ಕಂಕನಾಡಿಯ ಆ ಹಲ್ಲಿನ ಕ್ಲಿನಿಕ್ಕು.
ಕೆಂಪು ಹಾಕಿದ್ದೆ: ಎರಡು ಮೆಟ್ಟಿಲು, ಎಂಟೆಂಟು ಇಂಚು.
ಮರುದಿನ ಹಳದಿ. 'ಪೊಸಸಾದಿ' ಎಂಬ ಹೆಸರಿನ ಯಾರೋ
ಬರೆದಿದ್ದರು: "ಇಬ್ಬರು ಎತ್ತಿದರೆ ಆಗ್ತದೆ. ವಾಚ್‌ಮನ್ ಒಳ್ಳೆಯವ."
ಮತ್ತೆ ಕೆಂಪು ಮಾಡಿದೆ. "ಎತ್ತುವುದು ದಾರಿಯಲ್ಲ."
ಮತ್ತೆ ಹಳದಿ. "ಸಹಾಯ ತಗೊಳ್ಳಲು ನಾಚಿಕೆ ಎಂತಕ್ಕೆ?"
ಕೆಂಪು. ಹಳದಿ. ಕೆಂಪು.
ಆಟಿಯ ಮಳೆ ಬಿಡುವ ತನಕ ನಾವು
ಒಬ್ಬರ ಮುಖ ಒಬ್ಬರು ಕಾಣದೆ ಜಗಳಾಡಿದೆವು
ಆ ಎರಡು ಮೆಟ್ಟಿಲ ಮೇಲೆ.

ಆಮೇಲೆ ಹದಿನೈದು ದಿನ ಸುದ್ದಿಯೇ ಇಲ್ಲ.
ಗೆದ್ದೆ ಎಂದುಕೊಂಡೆ. ಖುಷಿಯೇನೂ ಆಗಲಿಲ್ಲ.
ಒಂದು ರಾತ್ರಿ, ಕೆಂಪು ಚುಕ್ಕೆಯ ಕೆಳಗೆ:
"ನಿನ್ನೆ ಅಮ್ಮನನ್ನು ಎತ್ತಿದರು.
ಸೀರೆ ಮೊಣಕಾಲಿನ ತನಕ ಬಂದಿತ್ತು.
ಅವರು ಯಾರನ್ನೂ ನೋಡಲಿಲ್ಲ, ನನ್ನನ್ನೂ.
ಹಲ್ಲು ನೋಯುವುದಿಲ್ಲ, ಮನೆಗೆ ಹೋಗುವ ಎಂದರು.
ಕೆಂಪೇ ಇರಲಿ."

ನಾನು ಉತ್ತರ ಬರೆಯಲಿಲ್ಲ.
ನಾಲ್ಕು ದಿನ ಇದಿನಬ್ಬನ ರಿಕ್ಷಾ ತಿರುಗಿ ತಿರುಗಿ
ಬಿಜೈಯಲ್ಲೊಂದು ಸಿಕ್ಕಿತು, ಮೊದಲು ಕಾರಿನ ಗ್ಯಾರೇಜಂತೆ;
ಕಾರು ಇಳಿಯುತ್ತಿದ್ದ ಜಾರು ಹಾಗೇ ಬಿಟ್ಟಿದ್ದಾರೆ.
ನನಗೆ ಹಲ್ಲುನೋವಿರಲಿಲ್ಲ.
ಆದರೂ ಒಳತನಕ ಹೋಗಿ ಬಾಯಿ ತೆರೆದೆ.
ಮುನ್ನೂರು ರೂಪಾಯಿಗೆ ಒಂದು ಹುಳುಕು ಸಿಕ್ಕಿತು.

ಹಸಿರು ಹಾಕಿದೆ. ಬರೆದೆ:
"ಬಾಗಿಲು ಮೂವತ್ತನಾಲ್ಕು ಇಂಚು.
ಡಾಕ್ಟ್ರಮ್ಮ ಮೆಲ್ಲ ಮಾತಾಡ್ತಾರೆ.
ಯಾರೂ ಎತ್ತುವುದಿಲ್ಲ."

ಗುರುವಾರ ನೋಡಿದರೆ ಅದರ ಕೆಳಗೊಂದು ಸಾಲು, ಪೊಸಸಾದಿಯದು:
"ಮಳೆಗೆ ಜಾರ್ತದೆ. ಗೋಣಿ ಹಾಸಲು ಹೇಳಿ ಬಂದಿದ್ದೇನೆ."